ಮುಟ್ಟುವ ಮುಂಚೆ: ವಾರ್ಡಿನಲ್ಲಿ ಕೈ ಸ್ವಚ್ಛತೆ ಕಲಿಸಿದ ನನ್ನ ಅನುಭವ

ನಾನು ಸ್ಟಾಫ್ ನರ್ಸ್. ಹದಿನಾರು ವರ್ಷದ ಸರ್ವಿಸ್. ಕೆಲವು ವರ್ಷಗಳಿಂದ ನಮ್ಮ ಆಸ್ಪತ್ರೆಯಲ್ಲಿ ಸೋಂಕು ತಡೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಮುಖ್ಯವಾದದ್ದು ಎಲ್ಲರಿಗೂ ಕೈ ಸ್ವಚ್ಛತೆ ಕಲಿಸುವುದು.

ಮೊದಲ ವರ್ಷ ಎಲ್ಲರೂ ಮಾಡುವ ಹಾಗೆಯೇ ಮಾಡಿದೆ. ಸೆಮಿನಾರ್ ಹಾಲ್, ಪ್ರೊಜೆಕ್ಟರ್, ಒಂದು ಗಂಟೆ ಪಾಠ. ಶುರುವಿನಲ್ಲಿ ಒಂದು ಪ್ರಶ್ನೆಪತ್ರಿಕೆ, ಕೊನೆಯಲ್ಲಿ ಅದೇ ಪ್ರಶ್ನೆಪತ್ರಿಕೆ ಇನ್ನೊಮ್ಮೆ. ಅಂಕ ಚೆನ್ನಾಗಿ ಏರಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭಗಳನ್ನು ಎಲ್ಲರೂ ಬಾಯಿಪಾಠ ಒಪ್ಪಿಸಿದರು. ರೋಗಿಯನ್ನು ಮುಟ್ಟುವ ಮುಂಚೆ, ಡ್ರೆಸ್ಸಿಂಗ್ ಅಥವಾ ಇಂಜೆಕ್ಷನ್ನಿನಂಥ ಶುದ್ಧ ಕೆಲಸಕ್ಕೆ ಮುಂಚೆ, ರಕ್ತ ಮೂತ್ರ ತಗುಲಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಮಂಚ ಸ್ಟೂಲು ಮುಟ್ಟಿದ ಮೇಲೆ. ನನಗೆ ಸಮಾಧಾನವಾಯಿತು.

ಮಾರನೇ ದಿನ ಬೆಳಿಗ್ಗೆ ಸರ್ಜಿಕಲ್ ವಾರ್ಡಿಗೆ ಹೋದೆ. ಹಿಂದಿನ ದಿನ ಪೂರ್ತಿ ಅಂಕ ತೆಗೆದ ಹುಡುಗಿಯೇ ಡ್ಯೂಟಿಯಲ್ಲಿದ್ದಳು. ಪರದೆ ಎಳೆದಳು. ಕೇಸ್ ಶೀಟ್ ತಿರುಗಿಸಿದಳು. ಡ್ರಿಪ್ ಸ್ಟ್ಯಾಂಡ್ ಸರಿಸಿದಳು. ಅದೇ ಕೈಯಲ್ಲಿ ಕ್ಯಾನುಲಾದ, ಅಂದರೆ ರಕ್ತನಾಳಕ್ಕೆ ಚುಚ್ಚಿಟ್ಟ ಸಣ್ಣ ಕೊಳವೆಯ, ಮುಚ್ಚಳ ಬಿಚ್ಚಿ ಔಷಧಿ ಕೊಟ್ಟಳು. ಆಮೇಲೆ ಸಿಂಕಿಗೆ ಹೋಗಿ ಸೋಪು ಹಾಕಿ ಚೆನ್ನಾಗಿ ಕೈ ತೊಳೆದಳು. ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ. "ಗೊತ್ತು ಸಿಸ್ಟರ್, ಆ ಹೊತ್ತಿಗೆ ನೆನಪಾಗಲಿಲ್ಲ" ಅಂದಳು. ಅವಳು ಸುಳ್ಳು ಹೇಳಲಿಲ್ಲ. ತಲೆಗೆ ಬಂದದ್ದು ಇನ್ನೂ ಕೈಗೆ ಬಂದಿರಲಿಲ್ಲ, ಅಷ್ಟೇ.

ಅವತ್ತಿನಿಂದ ಪಾಠ ನಿಲ್ಲಿಸಿ ನೋಡುವುದಕ್ಕೆ ಕೂತೆ. ಇದಕ್ಕೊಂದು ಕ್ರಮವಿದೆ. ವಾರ್ಡಿನ ಒಂದು ಕಡೆ ಸುಮಾರು ಇಪ್ಪತ್ತು ನಿಮಿಷ ಇರಬೇಕು. ಕೈ ಸ್ವಚ್ಛ ಮಾಡಲೇಬೇಕಾದ ಸಂದರ್ಭ ಎಷ್ಟು ಸಲ ಬಂತು, ಅದರಲ್ಲಿ ಎಷ್ಟು ಸಲ ಮಾಡಿದರು ಅಂತ ಗುರುತು ಹಾಕಬೇಕು. ಹೆಸರು ಬರೆಯಬಾರದು. ಡಾಕ್ಟರ್, ನರ್ಸ್, ಆಯಾ, ವಿದ್ಯಾರ್ಥಿ ಅಂತಷ್ಟೇ. ಮೊದಲ ಎರಡು ಮೂರು ದಿನದ ಲೆಕ್ಕವನ್ನು ನಾನು ಬಿಟ್ಟೇಬಿಟ್ಟೆ. ಯಾರಾದರೂ ನೋಡುತ್ತಿದ್ದಾರೆ ಅಂದರೆ ಕೈ ತಾನಾಗೇ ಹ್ಯಾಂಡ್ ರಬ್ (ನೀರಿಲ್ಲದೆ ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರಾವಣ) ಬಾಟಲಿಯ ಕಡೆ ಹೋಗುತ್ತದೆ. ಇದನ್ನು ಹಾಥಾರ್ನ್ ಪರಿಣಾಮ ಅನ್ನುತ್ತಾರೆ. ನಾಲ್ಕನೇ ದಿನಕ್ಕೆ ನಾನು ಅವರ ಕಣ್ಣಿಗೆ ಗೋಡೆಯ ಕ್ಯಾಲೆಂಡರಿನಂತೆ ಆಗಿದ್ದೆ. ನಿಜವಾದ ಚಿತ್ರ ಆಗ ಸಿಕ್ಕಿತು.

ಪುಟ ಪುಟದಲ್ಲೂ ಒಂದೇ ಕಥೆ. "ಮೇಲೆ" ಅನ್ನುವ ಮೂರು ಸಂದರ್ಭದಲ್ಲಿ ಜನ ಕೈ ತೊಳೆಯುತ್ತಿದ್ದರು. "ಮುಂಚೆ" ಅನ್ನುವ ಎರಡರಲ್ಲಿ ಖಾಲಿ. ಮೊದಲು ಬೇಜಾರಾಯಿತು. ಆಮೇಲೆ ಯೋಚಿಸಿದೆ. ನಾವು ಬೆಳೆದದ್ದೇ ಹಾಗೆ, ಅಲ್ವಾ? ಹೊರಗಿಂದ ಬಂದರೆ ಕೈಕಾಲು ತೊಳಿ ಅಂತ ಅಮ್ಮ ಹೇಳುತ್ತಿದ್ದಳು. ಮುಸುರೆ ಮುಟ್ಟಿದರೆ ತೊಳಿ, ಎಂಜಲು ತೆಗೆದರೆ ತೊಳಿ. ಕೈಗೆ ಏನೋ ಅಂಟಿತು, ಅದನ್ನು ಕಳೆದುಕೊಳ್ಳಬೇಕು ಅನ್ನುವುದು ರಕ್ತದಲ್ಲೇ ಇದೆ. ನನ್ನ ಕೈಯಿಂದ ಇನ್ನೊಬ್ಬರಿಗೆ ಏನೋ ಹೋಗುತ್ತದೆ ಅನ್ನುವುದು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ.

ಇದನ್ನು ಹೇಗೆ ಹೇಳುವುದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಉತ್ತರ ಕೊಟ್ಟವರು ನವಜಾತ ಶಿಶು ಘಟಕದ ಒಬ್ಬ ಆಯಾಮ್ಮ. ಒಂದು ಮಧ್ಯಾಹ್ನ ಮಗುವಿನ ಹೊಕ್ಕುಳ ಬಳ್ಳಿ ತೋರಿಸಿ, ಇದನ್ನು ಮುಟ್ಟುವ ಮುಂಚೆ ಯಾಕೆ ಕೈ ಸ್ವಚ್ಛ ಮಾಡಬೇಕು ಅಂತ ನಾನು ಉದ್ದಕ್ಕೆ ವಿವರಿಸುತ್ತಿದ್ದೆ. ಆಯಾಮ್ಮ ಕೇಳಿ ಮುಗಿಸಿ, "ಉಪ್ಪಿನಕಾಯಿ ಭರಣಿಗೆ ಕೈ ಹಾಕೋಕೆ ಮುಂಚೆ ತೊಳ್ದು ಒರೆಸ್ಕೋತೀವಲ್ಲ ಸಿಸ್ಟ್ರೇ, ಹಂಗೇ ತಾನೆ ಇದೂ?" ಅಂದರು.

ಹೌದು, ಹಾಗೇ. ಭರಣಿಗೆ ಕೈ ಹಾಕುವಾಗ ನಮ್ಮ ಕೈಗೆ ಏನಾಗುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ಉಪ್ಪಿನಕಾಯಿಗೆ ಬೂಸ್ಟು ಬರಬಾರದು ಅಂತ ತೊಳೆಯುತ್ತೇವೆ. ತೊಳೆದ ಮೇಲೆ ಒರೆಸುತ್ತೇವೆ, ಒದ್ದೆ ಕೈ ಹಾಕುವುದಿಲ್ಲ. ಮನೆಯಲ್ಲಿ ಒಂದು ಮಗುವೂ ಈ ನಿಯಮ ಮೀರುವುದಿಲ್ಲ. ಅವತ್ತಿನಿಂದ ನನ್ನ ಪಾಠದಲ್ಲಿ ಕ್ಯಾನುಲಾದ ಬಾಯಿ, ಮೂತ್ರದ ಕ್ಯಾಥೆಟರ್, ಹೊಲಿಗೆ ಹಾಕಿದ ಗಾಯ, ಹೊಕ್ಕುಳು ಎಲ್ಲವೂ ಭರಣಿಯ ಬಾಯಿಯೇ. ಈಗ ನಮ್ಮ ವಾರ್ಡಿನಲ್ಲಿ ಒಬ್ಬರಿಗೊಬ್ಬರು "ಭರಣಿ, ಭರಣಿ" ಅಂತ ನೆನಪಿಸುತ್ತಾರೆ. ಬೈದ ಹಾಗಾಗುವುದಿಲ್ಲ, ರೋಗಿಯ ಮುಂದೆ ಮಾನವೂ ಹೋಗುವುದಿಲ್ಲ.

ಆಮೇಲೆ ಓದುತ್ತಾ ಹೋದಾಗ ಸಂಶೋಧನೆಯೂ ಇದನ್ನೇ ಹೇಳುತ್ತದೆ ಅಂತ ತಿಳಿಯಿತು. ಅಮೆರಿಕದಲ್ಲಿ ಆಡಮ್ ಗ್ರಾಂಟ್ ಮತ್ತು ಡೇವಿಡ್ ಹಾಫ್‌ಮನ್ ಅನ್ನುವ ಸಂಶೋಧಕರು ಒಂದು ಆಸ್ಪತ್ರೆಯಲ್ಲಿ ಸೋಪಿನ ಡಬ್ಬಿಗಳ ಬಳಿ ಎರಡು ಬಗೆಯ ಬರಹ ಹಾಕಿ ನೋಡಿದರು. ಒಂದರಲ್ಲಿ ಕೈ ಸ್ವಚ್ಛತೆ ನಿಮ್ಮನ್ನು ಕಾಯಿಲೆಯಿಂದ ಕಾಪಾಡುತ್ತದೆ ಅಂತ. ಇನ್ನೊಂದರಲ್ಲಿ ರೋಗಿಗಳನ್ನು ಕಾಪಾಡುತ್ತದೆ ಅಂತ. ರೋಗಿಗಳನ್ನು ನೆನಪಿಸಿದ ಕಡೆ ಸೋಪಿನ ಬಳಕೆ ಹೆಚ್ಚಾಯಿತು. ಅದು 2011ರಲ್ಲಿ ಪ್ರಕಟವಾಯಿತು. ನಮ್ಮ ಕೋಲಾರದ ಪಕ್ಕದ, ಆಂಧ್ರದ ಚಿತ್ತೂರು ಜಿಲ್ಲೆಯ ಹಳ್ಳಿಗಳಲ್ಲೂ "ಸೂಪರ್ ಅಮ್ಮ" ಅನ್ನುವ ಪ್ರಯೋಗ ನಡೆಯಿತು. ಅಲ್ಲಿ ರೋಗಾಣುಗಳ ಪಾಠಕ್ಕೆ ಒತ್ತು ಕೊಡದೆ, ಮಗುವನ್ನು ಚೆನ್ನಾಗಿ ಬೆಳೆಸುವ ತಾಯಿಯ ಹೆಮ್ಮೆ, ಹೊಲಸಿನ ಬಗೆಗಿನ ಅಸಹ್ಯ ಇಂಥ ಭಾವನೆಗಳ ಮೂಲಕ ಸೋಪಿನ ಬಳಕೆ ಕಲಿಸಿದರು. 2014ರ ವರದಿಯ ಪ್ರಕಾರ ಆರು ತಿಂಗಳ ನಂತರ ಆ ಹಳ್ಳಿಗಳಲ್ಲಿ ಮುಖ್ಯ ಸಂದರ್ಭಗಳಲ್ಲಿ ಸೋಪಿನಿಂದ ಕೈ ತೊಳೆಯುವ ಪ್ರಮಾಣ ಶೇ. 37 ಇತ್ತು. ಪ್ರಯೋಗ ನಡೆಯದ ಹಳ್ಳಿಗಳಲ್ಲಿ ಶೇ. 6. ಓದಿದಾಗ ಆಯಾಮ್ಮನ ಮುಖವೇ ಕಣ್ಣ ಮುಂದೆ ಬಂತು.

ಆದರೆ ಬರೀ ಮಾತಿನಿಂದ ಆಗಲಿಲ್ಲ. ಇದನ್ನು ಒತ್ತಿ ಹೇಳಲೇಬೇಕು. ನಮ್ಮ ವಾರ್ಡಿನಲ್ಲಿ ಸಿಂಕ್ ಇರುವುದು ಒಂದು ತುದಿಯಲ್ಲಿ. ಸೋಪು ನೀರಿನಿಂದ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡ್ ಬೇಕು, ಹೋಗಿ ಬರುವ ಸಮಯ ಬೇರೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇಬ್ಬರೇ ಸಿಸ್ಟರ್. ಪ್ರತಿ ಸಲ ಸಿಂಕಿಗೆ ಹೋಗಿ ಅಂದರೆ ಅದು ಆಗದ ಮಾತು. ಹ್ಯಾಂಡ್ ರಬ್ಬಿಗೆ 20ರಿಂದ 30 ಸೆಕೆಂಡ್ ಸಾಕು. ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿಲ್ಲದಿದ್ದರೆ ಅದೇ ಒಳ್ಳೆಯದು. ಆದರೆ ನಮ್ಮ ಬಾಟಲಿಗಳೆಲ್ಲ ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು.

ಸ್ವಿಟ್ಜರ್ಲೆಂಡಿನ ಜಿನೀವಾದ ಆಸ್ಪತ್ರೆಯಲ್ಲಿ ಡಾಕ್ಟರ್ ಡಿಡಿಯೇ ಪಿಟ್ಟೆ ಮತ್ತು ಅವರ ತಂಡ ಹಿಡಿದದ್ದೂ ಇದೇ ದಾರಿ. ಹಾಸಿಗೆಯ ಪಕ್ಕಕ್ಕೆ ಬಾಟಲಿ ತಂದರು, ಗೋಡೆಗೆ ಚಿತ್ರ ಹಾಕಿದರು, ಮತ್ತೆ ಮತ್ತೆ ಎಣಿಸಿ ಫಲಿತಾಂಶ ಸಿಬ್ಬಂದಿಗೇ ತೋರಿಸಿದರು. ಕೈ ಸ್ವಚ್ಛತೆ 1994ರಲ್ಲಿ ಶೇ. 48 ಇದ್ದದ್ದು 1997ರ ಹೊತ್ತಿಗೆ ಶೇ. 66ಕ್ಕೆ ಏರಿತು. ಆಸ್ಪತ್ರೆಯಲ್ಲಿ ತಗಲುವ ಸೋಂಕು 1994ರಲ್ಲಿ ಶೇ. 16.9 ಇದ್ದದ್ದು 1998ರ ಹೊತ್ತಿಗೆ ಶೇ. 9.9ಕ್ಕೆ ಇಳಿಯಿತು. ಶ್ರೀಮಂತ ದೇಶದ ದೊಡ್ಡ ಆಸ್ಪತ್ರೆಗೂ ಶೇ. 66 ಮುಟ್ಟಲು ವರ್ಷಗಳು ಬೇಕಾದವು. ನಾನು ಒಂದು ಗಂಟೆಯ ಕ್ಲಾಸಿನಿಂದ ಎಷ್ಟು ಬಯಸಿದ್ದೆ!

ಬಾಟಲಿಯನ್ನು ಮಂಚಕ್ಕೆ ತರುವುದು ಸುಲಭವಾಗಲಿಲ್ಲ. ಇಟ್ಟ ಮೊದಲ ವಾರವೇ ಅರ್ಧದಷ್ಟು ಮಾಯ. ಕೊನೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಕಂಬಿಯ ಹಿಡಿ ಮಾಡಿಸಿ ಮಂಚದ ಕಾಲಿನ ಕಡೆ ಬಿಗಿದೆವು. ತಲೆಯ ಕಡೆ ಬೇಡ ಅಂದದ್ದು ನಾನೇ. ಕಾಲಿನ ಕಡೆ ಕೇಸ್ ಶೀಟ್ ಇರುತ್ತದೆ, ಎಲ್ಲರೂ ಮೊದಲು ಅಲ್ಲಿಗೇ ಬರುತ್ತಾರೆ. ಶೀಟ್ ನೋಡಿ, ಕೈ ಉಜ್ಜಿಕೊಂಡು, ಆಮೇಲೆ ರೋಗಿ. ಈ ಒಂದು ಸಣ್ಣ ಜಾಗದ ಬದಲಾವಣೆ ಮಾಡಿದಷ್ಟು ಕೆಲಸವನ್ನು ನನ್ನ ಯಾವ ಭಾಷಣವೂ ಮಾಡಿಲ್ಲ.

ಉಜ್ಜುವ ಆರು ಹೆಜ್ಜೆ ಕಲಿಸಲು ಬಣ್ಣ ಬಳಸಿದೆ. ಯುವಿ ಲೈಟಿನಲ್ಲಿ ಹೊಳೆಯುವ ದ್ರಾವಣ ಸಿಗುತ್ತದೆ, ನಮಗೆ ಅದಕ್ಕೆ ದುಡ್ಡಿರಲಿಲ್ಲ. ಗ್ಲೌಸ್ ಹಾಕಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಅಂಗೈಗೆ ಪೋಸ್ಟರ್ ಬಣ್ಣ ಸುರಿದು, ಹ್ಯಾಂಡ್ ರಬ್ ಅಂತ ತಿಳಿದು ಉಜ್ಜಿ ಅಂದೆ. ಬಟ್ಟೆ ಬಿಚ್ಚಿದಾಗ ಅಂಗೈಯೆಲ್ಲ ನೀಲಿ. ಹೆಬ್ಬೆರಳು ಮತ್ತು ಬೆರಳ ತುದಿಗಳು ಮಾತ್ರ ಬಿಳಿ. ಇಪ್ಪತ್ತು ವರ್ಷ ಕೆಲಸ ಮಾಡಿದ ಹಿರಿಯ ಸಿಸ್ಟರ್ ಒಬ್ಬರು ತಮ್ಮ ಹೆಬ್ಬೆರಳನ್ನೇ ನೋಡುತ್ತಾ ನಿಂತುಬಿಟ್ಟರು. ಸೂಜಿ ಹಿಡಿಯುವುದು, ಮುಚ್ಚಳ ತಿರುಗಿಸುವುದು ಎಲ್ಲ ಅದೇ ಬೆರಳು, ಅದೇ ತುದಿ. ಆಮೇಲೆ ಯಾರಿಗೂ ಏನೂ ಹೇಳಬೇಕಾಗಲಿಲ್ಲ.

ಗ್ಲೌಸ್ ಬಗ್ಗೆ ಒಂದು ಮಾತು. ಕೊರೊನಾ ಸಮಯದಲ್ಲಿ ಗ್ಲೌಸ್ ಹಾಕಿದರೆ ಸಾಕು ಅನ್ನುವ ನಂಬಿಕೆ ಬೇರೂರಿತು. ಒಂದೇ ಜೊತೆ ಹಾಕಿಕೊಂಡು ಮೂರು ಮಂಚ ಸುತ್ತುವುದನ್ನು ನೋಡಿದ್ದೇನೆ. ಆಗ ಗ್ಲೌಸ್ ಕಾಯುವುದು ಹಾಕಿಕೊಂಡವರನ್ನು ಮಾತ್ರ. ರೋಗಿಗೆ ಅದು ಬರಿಗೈಯಷ್ಟೇ ಅಪಾಯ. ಒಬ್ಬ ರೋಗಿ ಆದ ಮೇಲೆ ಗ್ಲೌಸ್ ಬಿಚ್ಚಬೇಕು, ಬಿಚ್ಚಿದ ಮೇಲೂ ಕೈ ಸ್ವಚ್ಛ ಮಾಡಬೇಕು.

ಡಾಕ್ಟರುಗಳ ವಿಷಯದಲ್ಲಿ ನನಗೆ ಅಳುಕಿತ್ತು. ರೌಂಡ್ಸಿನಲ್ಲಿ ಹಿರಿಯ ಡಾಕ್ಟರ್ ಕೈ ಉಜ್ಜದೆ ರೋಗಿಯ ಹೊಟ್ಟೆ ಮುಟ್ಟಿದರೆ ಹಿಂದಿರುವ ಹತ್ತು ಜನವೂ ಹಾಗೇ ಮಾಡುತ್ತಾರೆ. ಹೇಳುವುದು ಹೇಗೆ? ಒಂದು ಸಂಜೆ ಲೆಕ್ಕದ ಹಾಳೆ ಹಿಡಿದು ಅವರ ರೂಮಿಗೆ ಹೋದೆ. "ಸರ್, ನೀವು ಮಾಡಿದ ದಿನ ಎಲ್ಲರೂ ಮಾಡುತ್ತಾರೆ. ದಯವಿಟ್ಟು ನೀವು ಮೊದಲು ಉಜ್ಜಿಕೊಳ್ಳಿ" ಅಂದೆ. ಅವರು ಹಾಳೆ ನೋಡಿದರು, ಸುಮ್ಮನಿದ್ದರು. ಮಾರನೇ ದಿನ ಮೊದಲ ಮಂಚದ ಹತ್ತಿರ ನಿಂತು, ಬಾಟಲಿ ಒತ್ತಿ, ಕೈ ಒಣಗುವವರೆಗೂ ಮಾತಾಡದೆ ಉಜ್ಜಿದರು. ಹಿಂದಿದ್ದವರೆಲ್ಲ ಸಾಲಾಗಿ ಬಾಟಲಿಗೆ ಕೈ ಚಾಚಿದರು. ಅವರಿಗೆ ನಾನು ಈಗಲೂ ಋಣಿ.

ಜಾಸ್ತಿ ಕಷ್ಟವಾದದ್ದು ಬಳೆ. ನವಜಾತ ಶಿಶು ಘಟಕಕ್ಕೆ ಬರುವ ತಾಯಂದಿರು ಮೊಣಕೈವರೆಗೆ ತೊಳೆಯಬೇಕು. ಉಂಗುರ, ಬಳೆ, ದಾರ ಇರಬಾರದು, ಅವುಗಳ ಸಂದಿಯಲ್ಲಿ ಕೊಳೆ ಉಳಿಯುತ್ತದೆ. ಆದರೆ ಬಾಣಂತಿಗೆ ಬಳೆ ತೆಗಿ, ಬರಿಗೈ ಮಾಡು ಅಂದರೆ ಯಾವ ಅತ್ತೆ ಒಪ್ಪುತ್ತಾರೆ? ನಮ್ಮ ಕಿರಿಯ ಸಿಸ್ಟರ್ ಒಬ್ಬಳು ಒಪ್ಪದ ಒಬ್ಬ ಅತ್ತೆಗೆ ಗದರಿದಳು. ಆ ಅಜ್ಜಿ ಮೊಮ್ಮಗನನ್ನು ನೋಡದೆಯೇ ಕಣ್ಣೊರೆಸಿಕೊಂಡು ಹೊರಗೆ ಹೋಗಿ ಕೂತರು. ಅದನ್ನು ನೋಡಿ ನನ್ನ ಹೊಟ್ಟೆ ಚುರುಕ್ ಅಂದಿತು. ನಾವು ತಾಯಿಗೆ ಕಲಿಸುತ್ತಿದ್ದೆವು, ಮನೆಯಲ್ಲಿ ಮಾತು ನಡೆಯುವ ಅತ್ತೆಯನ್ನು ಬಿಟ್ಟೇ ಬಿಟ್ಟಿದ್ದೆವು.

ಆಮೇಲೆ ಆಯಾಮ್ಮನೇ ಮುಂದೆ ಬಂದರು. ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿ, "ಬಳೆ ಸೆರಗಿನ ಗಂಟಲ್ಲಿರಲಿ ತಾಯಿ, ಹೊರಗೆ ಬಂದ ತಕ್ಷಣ ನಿಮ್ಮ ಕೈಯಾರೆ ತೊಡಿಸಿ" ಅಂತ ಹೇಳುತ್ತಾರೆ. ತೊಡಿಸುವ ಹಕ್ಕು ಅತ್ತೆಯ ಕೈಗೆ ಹೋದ ಮೇಲೆ ಬಹುತೇಕ ಜನ ಒಪ್ಪಿದರು. ಗಾಜಿನ ಬಳೆ ಬಿಗಿಯಾಗಿ ಬಾರದೇ ಇದ್ದರೆ ಒಡೆಸುವುದಿಲ್ಲ. ಮೇಲಕ್ಕೆ ಸರಿಸಿ, ಕೆಳಗೂ ಸಂದಿಯಲ್ಲೂ ನೊರೆ ಹಾಕಿ ತೊಳೆಸುತ್ತೇವೆ. ನಿಯಮಕ್ಕೆ ಇದು ಪೂರ್ತಿ ಹೊಂದುವುದಿಲ್ಲ ಅಂತ ನನಗೆ ಗೊತ್ತು. ಆದರೆ ತಾಯಿ ಮಗುವಿನ ಹತ್ತಿರ ಬರುವುದನ್ನೇ ಬಿಟ್ಟರೆ ಎದೆಹಾಲು, ಕಾಂಗರೂ ಆರೈಕೆ (ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಇಡುವುದು) ಎರಡೂ ತಪ್ಪುತ್ತವೆ. ಅದು ಇನ್ನೂ ದೊಡ್ಡ ನಷ್ಟ.

ಈಗ ತಿಂಗಳಿಗೊಮ್ಮೆ ಲೆಕ್ಕವನ್ನು ವಾರ್ಡಿನ ಬೋರ್ಡಿನಲ್ಲಿ ಬರೆಯುತ್ತೇವೆ. "ಮುಂಚೆ" ಬೇರೆ, "ಮೇಲೆ" ಬೇರೆ. ಎರಡರ ನಡುವಿನ ಅಂತರ ಮೊದಲಿನಷ್ಟಿಲ್ಲ, ಆದರೆ ಪೂರ್ತಿ ಹೋಗಿಯೂ ಇಲ್ಲ. ಹೊಸ ವಿದ್ಯಾರ್ಥಿಗಳು ಬಂದ ತಿಂಗಳು, ಸಿಬ್ಬಂದಿ ವರ್ಗಾವಣೆಯಾದ ತಿಂಗಳು ಮತ್ತೆ ಇಳಿಯುತ್ತದೆ. ಹಾಗಾಗಿ ವರ್ಷಕ್ಕೊಂದು ದೊಡ್ಡ ಕ್ಲಾಸ್ ಬಿಟ್ಟು, ವಾರಕ್ಕೊಮ್ಮೆ ಮಂಚದ ಪಕ್ಕದಲ್ಲೇ ಹತ್ತು ನಿಮಿಷ ಮಾಡುತ್ತೇನೆ. ನರ್ಸಿಂಗ್ ಶಾಲೆಯ ಹೊಸ ಬ್ಯಾಚ್ ಸೋಮವಾರ ಬರುತ್ತಿದೆ. ಮೊದಲ ಹತ್ತು ನಿಮಿಷ ಆಯಾಮ್ಮನದು. ಮನೆಯಿಂದ ಭರಣಿಯನ್ನೇ ತರುತ್ತೇನೆ ಅಂದಿದ್ದಾರೆ.