ಫ್ಲಾಸ್ಕಿನ ಹಿಡಿ ಹೊಳೆದ ದಿನ

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾನು ಇನ್ಫೆಕ್ಷನ್ ಕಂಟ್ರೋಲ್ ನರ್ಸ್. ಕೈ ತೊಳೆಯುವ ಕ್ಲಾಸು ಎಷ್ಟು ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ. ಐದು ಮೊಮೆಂಟ್ಸ್, ಅಂದರೆ ಕೈ ಶುಚಿ ಮಾಡಲೇಬೇಕಾದ ಐದು ಸಂದರ್ಭಗಳು, ನಮ್ಮವರಿಗೆಲ್ಲ ಬಾಯಿಪಾಠ. ವಾರ್ಡಿನಲ್ಲಿ ನಿಂತು ನೋಡಿದರೆ ಕತೆಯೇ ಬೇರೆ.

ಸ್ಲೈಡು ತೋರಿಸಿದೆ, ಹೌಸ್‌ಕೀಪಿಂಗಿನ ಅಕ್ಕಂದಿರು ಆಕಳಿಸಿದರು. ಒಂದು ವರ್ಷ ಮೇ 5ರ ಹ್ಯಾಂಡ್ ಹೈಜೀನ್ ದಿನಕ್ಕೆ ಯಕ್ಷಗಾನವನ್ನೇ ಮಾಡಿಸಿದೆ. ರೋಗಾಣುವಿಗೆ ಬಣ್ಣದ ವೇಷ, ಜೊತೆಗೆ ಚೆಂಡೆ. ವೇಷದ ಬಾಡಿಗೆಗೇ ಆರೇಳು ಸಾವಿರ ಹೋಯಿತು. ಚಪ್ಪಾಳೆ ಜೋರಾಗಿತ್ತು. ಆದರೆ ಆ ವಾರವೂ ಕೈಗೆ ಉಜ್ಜುವ ಸ್ಯಾನಿಟೈಸರ್, ಅಂದರೆ ಹ್ಯಾಂಡ್‌ರಬ್ ಮೊದಲಿನಷ್ಟೇ ಖರ್ಚಾಯಿತು.

ಆಮೇಲೆ ಯುವಿ (ನೇರಳಾತೀತ) ಬೆಳಕಿನ ಕಿಟ್ ಕೇಳಿದೆ. ಹೊಳೆಯುವ ಲೋಷನ್ ಹಚ್ಚಿ ಕೈ ತೊಳೆದರೆ, ತೊಳೆಯದೆ ಉಳಿದ ಜಾಗ ಆ ಬೆಳಕಿನಲ್ಲಿ ಹೊಳೆಯುತ್ತದೆ. ಹದಿನೈದು ಸಾವಿರದ ಹತ್ತಿರ ಕೊಟೇಶನ್ ಬಂತು. "ಇದೆಲ್ಲ ಮಕ್ಕಳಾಟ ಸಿಸ್ಟರ್" ಅಂದುಬಿಟ್ಟರು ಮೇಲಿನವರು. ಹಂಪನಕಟ್ಟೆಯಲ್ಲಿ ಖೋಟಾನೋಟು ನೋಡುವ ಯುವಿ ಟಾರ್ಚು ಇನ್ನೂರೈವತ್ತಕ್ಕೆ ಸಿಕ್ಕಿತು. ನನ್ನ ದುಡ್ಡಲ್ಲೇ ತಂದೆ.

ಹಚ್ಚುವುದು ಏನನ್ನು? ಅರಿಶಿನ ಚೆನ್ನಾಗಿ ಹೊಳೆಯುತ್ತದೆ. ಆದರೆ ಹಳದಿ ಬರಿಗಣ್ಣಿಗೇ ಕಾಣುತ್ತದೆ. ಕಂಡದ್ದನ್ನು ಯಾರಾದರೂ ತಿಕ್ಕುತ್ತಾರೆ ಅಲ್ವಾ? ಬಟ್ಟೆ ಸೋಪಿನ ಪುಡಿ ನೀಲಿಯಾಗಿ ಹೊಳೆಯಿತು, ಜೊತೆಗೆ ಬಿಳಿ ಯೂನಿಫಾರ್ಮೂ ಹೊಳೆಯಿತು. ಕೈಯೂ ಉರಿಯಿತು. ಮನೆಯಲ್ಲಿ ಟಾನಿಕ್ ವಾಟರ್ ಕೂಡ ನೋಡಿದೆ. ಕ್ವಿನೈನ್ ಇರುವುದರಿಂದ ಲೋಟದಲ್ಲಿ ಅದು ಬಲು ಚಂದ, ಕೈಯಲ್ಲಿ ನಿಲ್ಲುವುದಿಲ್ಲ. ಕೊನೆಗೆ ಗೆದ್ದದ್ದು ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್. ಬೆಳಕಿಗೆ ಕೆಡುತ್ತದೆ, ಕಂದು ಬಾಟಲಿಯಲ್ಲೇ ಇಡಬೇಕು. ಲೋಷನ್‌ಗೆ ಎಷ್ಟು, ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆ ಅಳತೆ ಕೂಡಿಬರಲು ನನಗೆ ಮೂರು ವಾರ ಹಿಡಿದಿದೆ.

ಮೊದಲು ಕೈಗೆ ಹಚ್ಚಿಸಿ ತೊಳೆಸಿದೆ. ಹೆಬ್ಬೆರಳು, ಉಗುರಿನ ಸಂದು ಹೊಳೆದವು. ಎಲ್ಲರೂ ನಕ್ಕರು, ಮರೆತರು. ಆಗ ಯೋಚನೆ ಬದಲಾಯಿಸಿದೆ. ಒಂದು ಬೆಳಿಗ್ಗೆ ಎಂಟಕ್ಕೆ, ಇನ್‌ಚಾರ್ಜ್ ಸಿಸ್ಟರಿಗೆ ಮಾತ್ರ ಹೇಳಿ, ನರ್ಸಿಂಗ್ ಸ್ಟೇಷನ್ನಿನ ಫೋನಿಗೆ ಲೋಷನ್ ಸವರಿದೆ. ರೋಗಿಗಳ ಮಂಚದ ಹತ್ತಿರ ಹೋಗಲಿಲ್ಲ. ಚಹಾದ ಹೊತ್ತಿಗೆ ಪರದೆ ಎಳೆದು, ಲೈಟು ಆರಿಸಿ, ಟಾರ್ಚು ಹಾಕಿದೆ.

ಪೆನ್ನು ಹೊಳೆಯಿತು. ಡ್ರಾಯರಿನ ಹಿಡಿ, ಕೇಸ್ ಶೀಟು, ಮೌಸು. ಆಮೇಲೆ ಚಹಾ ಫ್ಲಾಸ್ಕಿನ ಹಿಡಿ.

"ಉಂದು ದಾದ ಸಿಸ್ಟರ್?" ಅಂದರು ಆಯಾ ಒಬ್ಬರು ತುಳುವಿನಲ್ಲಿ, ಇದೇನು ಅಂತ.

"ಬೆಳಿಗ್ಗೆ ಫೋನಿನಲ್ಲಿ ಇದ್ದದ್ದು ಅಕ್ಕ."

ಇಪ್ಪತ್ತು ವರ್ಷ ಸರ್ವಿಸ್ ಆದ ಸಿಸ್ಟರ್ ಒಬ್ಬರ ಕರಿಮಣಿಯಲ್ಲೂ ಅದು ಹೊಳೆಯುತ್ತಿತ್ತು. ಅವರು ಮಾತಾಡಲಿಲ್ಲ. ಲೋಟ ಇಟ್ಟು ಸಿಂಕಿನ ಕಡೆ ನಡೆದರು. ಉಳಿದವರೂ ಹಿಂದೆಯೇ ಹೋದರು. ನನ್ನ ಕಣ್ಣಲ್ಲಿ ನೀರು ಬಂತು.

ಹತ್ತು ಹನ್ನೆರಡು ದಿನ ಬರುತ್ತಿದ್ದ ಹ್ಯಾಂಡ್‌ರಬ್‌ನ 500 ಎಂಎಲ್ ಬಾಟಲಿ ಈಗ ಐದು ದಿನಕ್ಕೆ ಖಾಲಿ. ಆರು ತಿಂಗಳಾದರೂ ಹಾಗೇ ಇದೆ. ತಿಂಗಳಿಗೊಮ್ಮೆ ಜಾಗ ಬದಲಿಸಿ ಸವರುತ್ತೇನೆ, ಯಾವ ದಿನ ಅಂತ ಹೇಳುವುದಿಲ್ಲ. ಒಟ್ಟು ಖರ್ಚು ಆರುನೂರು ದಾಟಿಲ್ಲ. ಮಕ್ಕಳಾಟ ಅಂದವರೇ ಮೊನ್ನೆ ಐಸಿಯುಗೂ ಮಾಡಿ ಅಂದರು. ಸೋಮವಾರ ಟಾರ್ಚಿಗೆ ಹೊಸ ಸೆಲ್ ಹಾಕಬೇಕು.