ಡಿಸ್ಕ್ ಹೊರಗೆ ಬರುತ್ತಿಲ್ಲವೇ? ಟ್ರೇ ಎಳೆಯುವ ಮುನ್ನ ಇದನ್ನು ಓದಿ

ಮದುವೆ ವಿಡಿಯೊ, ಮಕ್ಕಳ ನಾಮಕರಣದ ಫೋಟೊ ಇನ್ನೂ ಸಿಡಿ, ಡಿವಿಡಿಯಲ್ಲೇ ಇರುವ ಮನೆಗಳು ಬೇಕಾದಷ್ಟಿವೆ. ಎಷ್ಟೋ ವರ್ಷದ ಮೇಲೆ ಹಳೆ ಕಂಪ್ಯೂಟರಿಗೆ ಹಾಕುತ್ತೇವೆ. ಡಿಸ್ಕ್ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಸ್ಕ್ರೂಡ್ರೈವರ್ ಹುಡುಕಬೇಡಿ. ಡ್ರೈವ್ ಕೆಟ್ಟರೆ ಬೇರೆ ಸಿಗುತ್ತದೆ, ಆ ಡಿಸ್ಕ್ ಸಿಗುವುದಿಲ್ಲ.

ಬಹಳ ಸಲ ಏನೂ ಕೆಟ್ಟಿರುವುದೇ ಇಲ್ಲ. ಯಾವುದೋ ಪ್ರೋಗ್ರಾಂ ಡಿಸ್ಕ್ ಬಳಸುತ್ತಿದ್ದರೆ ಕಂಪ್ಯೂಟರೇ ಟ್ರೇಯನ್ನು ಲಾಕ್ ಮಾಡಿರುತ್ತದೆ. ಆಗ ಬಟನ್ ಎಷ್ಟು ಒತ್ತಿದರೂ ಸುಮ್ನೆ. ವಿಡಿಯೊ ಪ್ಲೇಯರ್, ತೆರೆದ ಫೋಲ್ಡರ್ ಎಲ್ಲ ಮುಚ್ಚಿ. ವಿಂಡೋಸ್‌ನಲ್ಲಿ ‘ದಿಸ್ ಪಿಸಿ’ಗೆ ಹೋಗಿ, ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಇಜೆಕ್ಟ್’ ಒತ್ತಿ.

ಜಗ್ಗಲಿಲ್ಲವೇ? ರೀಸ್ಟಾರ್ಟ್ ಮಾಡಿ. ಕಂಪನಿಯ ಲೋಗೊ ಕಾಣುತ್ತಿದ್ದಂತೆ ಡ್ರೈವ್‌ನ ಬಟನ್ ಒತ್ತಿ. ಲಾಕ್ ಹಾಕುವ ವಿಂಡೋಸ್ ಆಗ ಇನ್ನೂ ಎದ್ದಿರುವುದಿಲ್ಲ. ಹೊರಗಿನಿಂದ ಯುಎಸ್‌ಬಿಗೆ ಚುಚ್ಚುವ ಸಿಡಿ, ಡಿವಿಡಿ ಡ್ರೈವ್ ಆದರೆ ಕರೆಂಟ್ ಸಾಲದೆಯೂ ಹೀಗಾಗಬಹುದು. ಹಲವು ಯುಎಸ್‌ಬಿ ಒಟ್ಟಿಗೆ ಚುಚ್ಚುವ ಹಬ್ ಬಿಟ್ಟು ನೇರ ಕಂಪ್ಯೂಟರಿಗೇ ಚುಚ್ಚಿ. ಕೇಬಲ್‌ಗೆ ಎರಡು ಪ್ಲಗ್ ಇದ್ದರೆ ಎರಡನ್ನೂ ಹಾಕಿ.

ಇನ್ನು ಉಳಿದದ್ದು ಜೆಮ್ ಕ್ಲಿಪ್. ಟ್ರೇ ಇರುವ ಹೆಚ್ಚಿನ ಡ್ರೈವ್‌ಗಳ ಮುಂಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ. ತಯಾರಕರು ಇದಕ್ಕೆಂದೇ ಕೊಟ್ಟದ್ದು. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ವೈರ್ ಕಿತ್ತು, ಒಂದೆರಡು ನಿಮಿಷ ಬಿಡಿ. ತಿರುಗುತ್ತಿರುವ ಡಿಸ್ಕ್ ಪೂರ್ತಿ ನಿಲ್ಲಲಿ. ಕ್ಲಿಪ್ಪಿನ ಒಂದು ತುದಿಯನ್ನು ನೆಟ್ಟಗೆ ಬಿಡಿಸಿ, ತೂತಿನೊಳಗೆ ನೇರವಾಗಿ ತಳ್ಳಿ. ಓರೆಯಾಗಿ ಹೋದರೆ ಬರೀ ಪ್ಲಾಸ್ಟಿಕ್ಕಿಗೆ ತಾಗುತ್ತದೆ. ಒಳಗೆ ಮೆತ್ತಗೆ ಏನೋ ಅಡ್ಡ ಸಿಗುತ್ತದೆ, ಅದನ್ನು ಇನ್ನೂ ಸ್ವಲ್ಪ ಒತ್ತಬೇಕು. ಟ್ರೇ ಒಂದಿಷ್ಟೇ ಹೊರಗೆ ಇಣುಕುತ್ತದೆ. ಉಳಿದದ್ದನ್ನು ಕೈಯಿಂದ ನಿಧಾನವಾಗಿ ಎಳೆಯಿರಿ. ಮೊಬೈಲಿನ ಸಿಮ್ ಪಿನ್ ಸಾಮಾನ್ಯವಾಗಿ ಗಿಡ್ಡವಾಗುತ್ತದೆ. ಗುಂಡುಪಿನ್ನು ಬಾಗುತ್ತದೆ. ಹಳೆ ಡ್ರೈವ್‌ಗಳಲ್ಲಿ ಹೆಡ್‌ಫೋನ್ ತೂತೂ ಇರುತ್ತದೆ. ಅದು ದೊಡ್ಡದು, ಅಲ್ಲಿ ಚುಚ್ಚಬೇಡಿ.

ಬಟನ್ ಒತ್ತಿದಾಗ ಮೋಟರ್ ಸದ್ದು ಕೇಳಿ ಟ್ರೇ ಮಾತ್ರ ಬರದಿದ್ದರೆ, ಡೆಸ್ಕ್‌ಟಾಪ್ ಡ್ರೈವ್‌ನಲ್ಲಿ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರುವ ಸಾಧ್ಯತೆ ಜಾಸ್ತಿ. ಡಿಸ್ಕ್ ತೆಗೆದ ಮೇಲೆ ಮತ್ತೆ ಹಾಕಿದರೆ ಮತ್ತೆ ಅದೇ ಕಥೆ.

ಕಟಕಟ ಸದ್ದು ಬಂದರೆ ಮಾತ್ರ ಮೇಲಿನ ಪ್ರಯತ್ನಗಳನ್ನೆಲ್ಲ ಬಿಟ್ಟು ತಕ್ಷಣ ಆಫ್ ಮಾಡಿ. 52ಎಕ್ಸ್ (ಮೂಲ ವೇಗದ 52 ಪಟ್ಟು) ಸಿಡಿ ಡ್ರೈವ್ ಡಿಸ್ಕನ್ನು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತದೆ. ಬಿರುಕು ಬಿಟ್ಟ ಡಿಸ್ಕ್ ಆ ವೇಗಕ್ಕೆ ಚೂರಾಗಬಹುದು. ಅಂಥ ಡ್ರೈವ್ ಬಿಚ್ಚುವ ಕೆಲಸ ಅಂಗಡಿಯವರಿಗೇ ಇರಲಿ.

ಹೆಚ್ಚಿನ ಹಳೆಯ ಐಮ್ಯಾಕ್, ಮ್ಯಾಕ್‌ಬುಕ್‌ಗಳಲ್ಲಿ ಟ್ರೇಯೇ ಇಲ್ಲ, ಬರೀ ಸೀಳು. ಪಿನ್ ತೂತೂ ಸಾಮಾನ್ಯವಾಗಿ ಇರುವುದಿಲ್ಲ. ರೀಸ್ಟಾರ್ಟ್ ಮಾಡಿ, ಡಿಸ್ಕ್ ಹೊರಬರುವವರೆಗೂ ಮೌಸ್ ಅಥವಾ ಟ್ರ್ಯಾಕ್‌ಪ್ಯಾಡ್ ಬಟನ್ ಒತ್ತಿ ಹಿಡಿದಿರಿ. ಚಿಮುಟ, ಎಟಿಎಂ ಕಾರ್ಡ್ ತೂರಿಸುವ ಸಾಹಸ ಬೇಡ. ಇಂಥ ಡ್ರೈವ್‌ಗೆ 8 ಸೆಂಟಿಮೀಟರಿನ ಪುಟ್ಟ ಡಿಸ್ಕ್ ಹಾಕಲೇಬಾರದು. ಸ್ಟುಡಿಯೊದವರು ವಧೂವರರ ಹೆಸರು ಅಚ್ಚು ಮಾಡಿ ಅಂಟಿಸಿದ ಕಾಗದದ ಲೇಬಲ್ ಇರುವ ಡಿಸ್ಕ್ ಕೂಡ ಬೇಡ. ಬಿಸಿಗೆ ಲೇಬಲ್ ಏಳುತ್ತದೆ, ಒಳಗೇ ಸಿಕ್ಕಿಕೊಳ್ಳುತ್ತದೆ.

ಡಿಸ್ಕ್ ಕೈಗೆ ಬಂದ ಮೇಲೆ ಬೆಳಕಿಗೆ ಹಿಡಿದು, ನಡುವಿನ ತೂತಿನ ಸುತ್ತ ಬಿರುಕು ಇದೆಯೇ ನೋಡಿ. ಇಲ್ಲದಿದ್ದರೆ ಸರಿಯಿರುವ ಬೇರೆ ಡ್ರೈವ್‌ನಲ್ಲಿ ಹಾಕಿ, ಅವತ್ತೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಡಿವಿಡಿಯಾದರೆ ‘ವಿಡಿಯೊ ಟಿಎಸ್’ ಫೋಲ್ಡರನ್ನು ಇಡೀ ಎತ್ತಿಕೊಳ್ಳಿ. ಅದರಲ್ಲಿ ವಿಡಿಯೊ ಹೆಚ್ಚೆಂದರೆ 1 ಜಿಬಿಯ ತುಂಡುಗಳಾಗಿರುತ್ತದೆ. ಒಂದೇ ಫೈಲ್ ಕಾಪಿ ಮಾಡಿದರೆ ಧಾರೆಗೆ ಮೊದಲೇ ಮದುವೆ ನಿಂತುಹೋಗುತ್ತದೆ.