ಬಾದಾಮಿ ಎಸೆನ್ಸ್ ಕೊಳ್ಳುವ ಮೊದಲು ಬಾಟಲಿ ಓದುವುದು ಹೇಗೆ?

ಕಣಿಲೆ, ಅಂದರೆ ಎಳೆ ಬಿದಿರಿನ ಮೊಳಕೆ, ತಂದ ದಿನವೇ ನಮ್ಮ ಕಡೆ ಯಾರೂ ಪಲ್ಯ ಮಾಡುವುದಿಲ್ಲ. ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ಹಾಕಿಟ್ಟು, ದಿನಾ ನೀರು ಬದಲಿಸಿ, ಆಮೇಲೆಯೇ ಒಲೆಗೆ. ಮರಗೆಣಸು ಬೇಯಿಸಿದ ನೀರನ್ನೂ ಚೆಲ್ಲುತ್ತೇವೆ. ಎರಡರಲ್ಲೂ ಸಯನೈಡ್ ಬಿಡುವ ಅಂಶ ಇದೆ. ಕಹಿ ಬಾದಾಮಿಯಲ್ಲಿರುವುದೂ ಅದೇ ಜಾತಿಯ ವಿಷ. ಕೇಕು, ಫಲೂದ, ಬಾದಾಮಿ ಹಾಲಿಗೆ ಹಾಕುವ ಎಸೆನ್ಸಿನ ಕತೆ ಶುರುವಾಗುವುದು ಆ ಕಹಿ ಬಾದಾಮಿಯಿಂದಲೇ.

ಕಹಿ ಬಾದಾಮಿಯಲ್ಲಿ ಅಮಿಗ್ಡಾಲಿನ್ ಎಂಬ ವಸ್ತು ಇದೆ. ಬೀಜ ಅರೆದು ನೀರು ಸೇರಿಸಿದರೆ ಅದು ಒಡೆಯುತ್ತದೆ. ಆಗ ಬೆಂಜಾಲ್ಡಿಹೈಡ್ ಹುಟ್ಟುತ್ತದೆ, ಎಸೆನ್ಸಿನ ಘಮ ಅದರದ್ದೇ. ಅದರ ಜೊತೆಗೇ ಹೈಡ್ರೋಸಯನಿಕ್ ಆಮ್ಲವೂ, ಅಂದರೆ ಆ ಸಯನೈಡ್ ವಿಷವೂ ಹುಟ್ಟುತ್ತದೆ. ನಾವು ತಿನ್ನುವ ಸಿಹಿ ಬಾದಾಮಿಯಲ್ಲಿ ಅಮಿಗ್ಡಾಲಿನ್ ತೀರಾ ಕಡಿಮೆ. ರಾತ್ರಿ ನೆನೆಸಿ ಸಿಪ್ಪೆ ಸುಲಿದ ಬಾದಾಮಿಗೆ ಎಸೆನ್ಸಿನ ವಾಸನೆ ಬರದಿರುವುದು ಅದಕ್ಕೇ.

ನಮ್ಮ ಕಾಸರಗೋಡು ಕಡೆಯ ಉಪ್ಪಳ, ಕುಂಬಳೆ, ಬದಿಯಡ್ಕದಲ್ಲಿ ಮನೆಯಲ್ಲೇ ಕೇಕು ಮಾಡಿ ಮಾರುವವರು ಈ ಬಾಟಲಿಯನ್ನು ಒಮ್ಮೆ ತಿರುಗಿಸಿ ನೋಡಲಿ ಅಂತ ನನ್ನ ಆಸೆ. ಲೇಬಲ್ಲು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಕಾನೂನಿಗೆ ಸಾಕು. ಕನ್ನಡದಲ್ಲಿ ಹೇಳುವವರು ಯಾರೂ ಇಲ್ಲ, ಅಲ್ವಾ?

ಮೊದಲು ಪರಿಮಳದ ಬಗೆ ನೋಡಿ. ‘ನ್ಯಾಚುರಲ್’, ‘ನೇಚರ್ ಐಡೆಂಟಿಕಲ್’ (ತಯಾರಿಸಿದ್ದಾದರೂ ನೈಸರ್ಗಿಕದ್ದೇ ವಸ್ತು), ‘ಆರ್ಟಿಫಿಶಿಯಲ್’ ಎಂಬ ಮೂರರಲ್ಲಿ ಒಂದು ಇರಬೇಕು. ಕೃತಕ ಎಂದ ಕೂಡಲೇ ಹೆದರಬೇಡಿ. ಕಾರ್ಖಾನೆಯಲ್ಲಿ ತಯಾರಾದ ಬೆಂಜಾಲ್ಡಿಹೈಡ್ ಬೀಜದಿಂದ ಬಂದಿದ್ದಲ್ಲ, ಹಾಗಾಗಿ ಅದರ ಜೊತೆ ಬೀಜದ ಸಯನೈಡ್ ಬರುವುದಿಲ್ಲ. ಜಾಸ್ತಿ ಎಚ್ಚರ ಬೇಕಾದ್ದು ‘ನ್ಯಾಚುರಲ್ ಬಿಟರ್ ಆಲ್ಮಂಡ್ ಆಯಿಲ್’ ಎಂದು ಬರೆದ ಕಡೆ. ಅದು ಕಹಿ ಬಾದಾಮಿಯಿಂದಲೋ ಆಪ್ರಿಕಾಟ್ ಬೀಜದಿಂದಲೋ ಬಟ್ಟಿ ಇಳಿಸಿದ ಎಣ್ಣೆ. ಸುಣ್ಣ ಮತ್ತು ಫೆರಸ್ ಸಲ್ಫೇಟ್ ಸೇರಿಸಿ ಮತ್ತೆ ಬಟ್ಟಿ ಇಳಿಸಿ ಅದರ ವಿಷ ತೆಗೆಯುತ್ತಾರೆ. ಹಾಗೆ ತೆಗೆದದ್ದಕ್ಕೆ ಬಾಟಲಿಯ ಮೇಲೆ ‘ಎಫ್‌ಎಫ್‌ಪಿಎ’ ಎಂಬ ಅಕ್ಷರಗಳಿರುತ್ತವೆ, ಪ್ರಸಿಕ್ ಆಮ್ಲ (ಹೈಡ್ರೋಸಯನಿಕ್ ಆಮ್ಲದ್ದೇ ಇನ್ನೊಂದು ಹೆಸರು) ಇಲ್ಲದ್ದು ಎಂದರ್ಥ. ಅಮೆರಿಕದ ನಿಯಮ ಈ ಎಣ್ಣೆಯನ್ನು ಸುರಕ್ಷಿತ ವಸ್ತುಗಳ ಪಟ್ಟಿಗೆ ಸೇರಿಸಿದ್ದು ಪ್ರಸಿಕ್ ಆಮ್ಲ ತೆಗೆದಿದ್ದರೆ ಮಾತ್ರ. ನಮ್ಮ ದೇಶದ 2011ರ ನಿಯಮ ಆಹಾರದಲ್ಲಿ ಹೈಡ್ರೋಸಯನಿಕ್ ಆಮ್ಲಕ್ಕೆ 5 ಪಿಪಿಎಂ ಮಿತಿ ಹಾಕಿದೆ, ಅಂದರೆ ಕಿಲೋಗೆ 5 ಮಿಲಿಗ್ರಾಂ. ಯುರೋಪಿನ 2008ರ ನಿಯಮದಲ್ಲಿ ಬಾದಾಮಿ ಮಿಠಾಯಿ ಮಾರ್ಜಿಪಾನಿಗೆ ಕಿಲೋಗೆ 50 ಮಿಲಿಗ್ರಾಂ ತನಕ ಅವಕಾಶ ಇದೆ.

ಆಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕೆಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಹುಡುಕಿ. ಮೊದಲ ಅಂಕೆ 1 ಇದ್ದರೆ ಪರವಾನಗಿ, 2 ಇದ್ದರೆ ನೋಂದಣಿ. ಅದರ ನಂತರದ ಎರಡು ಅಂಕೆ ರಾಜ್ಯದ್ದು: ಕರ್ನಾಟಕಕ್ಕೆ 12, ಕೇರಳಕ್ಕೆ 13. ಕೇಂದ್ರದ ಪರವಾನಗಿ ಆದರೆ 00. ಮಂಗಳೂರಿನಿಂದಲೂ ಸಾಮಾನು ತರುವ ನಮಗೆ ಇದು ತಿಳಿದಿರಲಿ.

ಸಂಖ್ಯೆಯೇ ಇಲ್ಲದ ಬಾಟಲಿ ಬೇಡ. ಒಮ್ಮೆ ನಾನೂ ಪೇಟೆಯ ಅಂಗಡಿಯೊಂದರಿಂದ, ದೊಡ್ಡ ಕ್ಯಾನಿನಿಂದ ಸುರಿದು ಕೊಟ್ಟ ಲೇಬಲ್ಲಿಲ್ಲದ ಎಸೆನ್ಸ್ ತಂದಿದ್ದೆ. ಕೆಲವು ವಾರದಲ್ಲಿ ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿತ್ತು. ಗಾಳಿ ತಾಗಿ ಬೆಂಜಾಲ್ಡಿಹೈಡ್ ಬೆಂಜೋಯಿಕ್ ಆಮ್ಲ ಆದಾಗ ಹೀಗೆ ಹರಳು ಕಟ್ಟುತ್ತದೆ ಎಂದು ಆಮೇಲೆ ತಿಳಿಯಿತು. ಒಳಗಿದ್ದದ್ದು ಎಷ್ಟು ಹಳೆಯದು, ಯಾರು ಮಾಡಿದ್ದು ಎಂದು ಕೇಳಲು ಹೆಸರೇ ಇರಲಿಲ್ಲ. ಇಡೀ ಬಾಟಲಿ ಚೆಲ್ಲಿದೆ. ಅವತ್ತಿನಿಂದ ಚಿಕ್ಕ ಬಾಟಲಿಯನ್ನೇ ತರುತ್ತೇನೆ, ಬಿಗಿಯಾಗಿ ಮುಚ್ಚಿ ಬಿಸಿಲು ಬೀಳದ ಕಡೆ ಇಡುತ್ತೇನೆ.

ಅಳತೆ ಲೇಬಲ್ಲಿನಲ್ಲಿ ಇದ್ದಷ್ಟೇ. ಎಣ್ಣೆ ಮತ್ತು ಎಸೆನ್ಸ್ ಒಂದೇ ಅಲ್ಲ. ಎಸೆನ್ಸನ್ನು ತೆಳು ಮಾಡಿರುತ್ತಾರೆ, ಎಣ್ಣೆ ತೆಳು ಮಾಡದ್ದು, ತುಂಬ ತೀಕ್ಷ್ಣ. ಚಮಚ ಲೆಕ್ಕದಲ್ಲಿ ಎಣ್ಣೆ ಸುರಿಯಬೇಡಿ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಬೇಕು. ಆಪ್ರಿಕಾಟ್, ಪೀಚ್, ಪ್ಲಮ್ ಗೊರಟು ಒಡೆದು ಒಳಗಿನ ಬೀಜದಿಂದ ಮನೆಯಲ್ಲೇ ಎಸೆನ್ಸ್ ಮಾಡಲು ಹೋಗಬೇಡಿ. ಅದರಲ್ಲೂ ಅಮಿಗ್ಡಾಲಿನ್ ಇದೆ. ಕಣಿಲೆಯ ಕೆಲಸದಲ್ಲಿ ನಾವು ವಿಷದ ನೀರು ಚೆಲ್ಲಿ ಕಣಿಲೆ ತಿನ್ನುತ್ತೇವೆ. ಇಲ್ಲಿ ಬೀಜ ಬಿಸಾಡಿ ಆ ನೀರನ್ನೇ ಇಟ್ಟುಕೊಂಡ ಹಾಗಾಗುತ್ತದೆ. ತಿನ್ನುವಾಗ ಒಂದು ಬಾದಾಮಿ ತುಂಬ ಕಹಿ ಅನಿಸಿದರೆ ಉಗುಳಿಬಿಡಿ.

ಮಾರುವವರಾದರೆ ಮನೆಯಿಂದಲೇ ಆದರೂ ನೋಂದಣಿ ಬೇಕು. ಬಾದಾಮಿ ಅಲರ್ಜಿ ಕೆಲವರಿಗೆ ಉಸಿರೇ ಕಟ್ಟಿಸುತ್ತದೆ. ಹಾಗಾಗಿ ಬಾದಾಮಿ, ಗೇರುಬೀಜದಂಥ ಬೀಜಗಳಿಂದ (ಟ್ರೀ ನಟ್ಸ್) ಬಂದ ಅಂಶ ಇದ್ದರೆ ಲೇಬಲ್ಲಿನಲ್ಲಿ ಹೇಳಲೇಬೇಕು ಎನ್ನುತ್ತದೆ 2020ರ ಲೇಬಲ್ ನಿಯಮ. ಬಾಟಲಿಯಲ್ಲಿ ‘ಕಂಟೇನ್ಸ್ ಆಲ್ಮಂಡ್’ ಅಥವಾ ‘ಟ್ರೀ ನಟ್ಸ್’ ಎಂದಿದೆಯಾ ನೋಡಿ. ಇದ್ದರೆ ಕೇಕಿನ ಡಬ್ಬಿಯ ಮೇಲೂ ಬರೆಯಿರಿ. ನಮ್ಮೂರಲ್ಲಿ ಕನ್ನಡ, ಮಲಯಾಳ ಎರಡೂ ಓದುವವರಿದ್ದಾರೆ, ಎರಡರಲ್ಲೂ ಬರೆದರೆ ಒಳ್ಳೆಯದು. ಬಾಟಲಿಯ ಬಗ್ಗೆ ಅನುಮಾನ ಬಂದರೆ ಬಿಲ್ಲು ಮತ್ತು ಬಾಟಲಿ ಎರಡನ್ನೂ ಇಟ್ಟುಕೊಂಡು ಆಹಾರ ಸುರಕ್ಷತಾ ಪ್ರಾಧಿಕಾರದ 1800 11 2100ಕ್ಕೆ ಫೋನ್ ಮಾಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ವಿಧಿಯಂತೆ, ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿದ್ದರೆ, ಶುಲ್ಕ ಕಟ್ಟಿ ನೀವೇ ಅದನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು.